ದಶಕಗಟ್ಟಲೆ ಬಾಳುವ ಸ್ಪೀಕರ್ ಆರಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಊರಿನ ಮನೆಯಲ್ಲಿ ಅಪ್ಪ 1986ರಲ್ಲಿ ತಂದ ಒಂದು ಜೊತೆ ಸ್ಪೀಕರ್ ಇವೆ. ಎರಡು ಸಲ ಕೋನಿನ (ಅಲುಗುತ್ತ ಶಬ್ದ ಹುಟ್ಟಿಸುವ ತಟ್ಟೆಯ) ಅಂಚು ಬದಲಾಯಿಸಿದ್ದೇವೆ, ಒಂದು ಸಲ ಟ್ವೀಟರ್, ಅಂದರೆ ಎತ್ತರದ ಸ್ವರ ನುಡಿಸುವ ಪುಟ್ಟ ಭಾಗ. ಇವತ್ತಿಗೂ ಬೆಳಗಿನ ಆಕಾಶವಾಣಿ ಅದರಲ್ಲೇ ಬರುತ್ತದೆ. ಬೆಂಗಳೂರಿನ ಮನೆಗೆ ನಾನು ತಂದ ಸೌಂಡ್‌ಬಾರ್ ನಾಲ್ಕೇ ವರ್ಷಕ್ಕೆ ನಿಂತುಹೋಯಿತು. ಒಳಗಿನ ಬೋರ್ಡ್ ಸುಟ್ಟಿದೆ, ಆ ಬೋರ್ಡ್ ಈಗ ಬರುವುದಿಲ್ಲ ಅಂದರು. ಬಿಚ್ಚಿ ನೋಡಿದರೆ ಕೋನ್‌ಗಳು ಹೊಸದರಂತೆ ಇದ್ದವು. ಅವಕ್ಕೆ ಏನೂ ಆಗಿರಲಿಲ್ಲ. ಆದರೂ ಇಡೀ ವಸ್ತು ಗುಜರಿಗೆ ಹೋಯಿತು.

ಅವತ್ತು ನನಗೆ ಅರ್ಥವಾದದ್ದು ಇಷ್ಟೇ. ಗಾಳಿ ಅಲುಗಿಸುವ ಭಾಗ ಬಹಳ ವರ್ಷ ಬರುತ್ತದೆ. ಬ್ಲೂಟೂತ್, ಆ್ಯಪ್, ವೈಫೈ ಇರುವ ಭಾಗ ಬೇಗ ಹಳತಾಗುತ್ತದೆ. ಎರಡನ್ನೂ ಒಂದೇ ಡಬ್ಬಿಯಲ್ಲಿ ಕೂರಿಸಿದರೆ, ಬೇಗ ಹೋಗುವುದು ಬಾಳುವುದನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ಈ ಬರಹದಲ್ಲಿ ಹೇಳುವ ಹೆಚ್ಚಿನ ಮಾತೆಲ್ಲ ಇದರಿಂದಲೇ ಹುಟ್ಟಿದ್ದು.

ಹಂತ 1: ಅಂಗಡಿಗೆ ಹೋಗುವ ಮುಂಚೆ ಕೋಣೆ ನೋಡಿ

ಟೇಪ್ ಹಿಡಿದು ಕೋಣೆ ಅಳೆಯಿರಿ. ನೀವು ಎಲ್ಲಿ ಕೂತು ಕೇಳುತ್ತೀರಿ, ಸ್ಪೀಕರ್ ಎಲ್ಲಿ ನಿಲ್ಲುತ್ತದೆ, ಎರಡರ ನಡುವೆ ಎಷ್ಟು ದೂರ ಎಂದು ಬರೆದಿಟ್ಟುಕೊಳ್ಳಿ. 10 ಅಡಿಗೆ 12 ಅಡಿಯ ಕೋಣೆಗೆ ಎದೆಮಟ್ಟದ ಟವರ್ ಸ್ಪೀಕರ್ ತಂದರೆ ಬಾಸ್, ಅಂದರೆ ತಗ್ಗು ಸ್ವರದ ಶಬ್ದ, ಎಲ್ಲ ಮೂಲೆಯಲ್ಲಿ ಸೇರಿ ಗುಂಯ್ ಅನ್ನುತ್ತದೆ. ಅಲ್ಲಿಗೆ ಸಣ್ಣ ಬುಕ್‌ಶೆಲ್ಫ್ ಸ್ಪೀಕರ್ ಸಾಕು.

ಆಮೇಲೆ ಕೋಣೆಯ ನಡುವೆ ನಿಂತು ಒಂದು ಸಲ ಜೋರಾಗಿ ಕೈ ತಟ್ಟಿ. ಟಪ್ ಎಂದು ಅಲ್ಲೇ ನಿಂತರೆ ಒಳ್ಳೆಯದು. ಶಬ್ದಕ್ಕೆ ಬಾಲ ಬಂದು ಟ್ರಿಂಗ್ ಎಂದು ಎಳೆದರೆ ಕೋಣೆ ಬೋಳಾಗಿದೆ ಎಂದರ್ಥ. ವಿಟ್ರಿಫೈಡ್ ಟೈಲ್ಸ್, ಕಾಂಕ್ರೀಟ್ ಗೋಡೆ, ದೊಡ್ಡ ಗಾಜಿನ ಕಿಟಕಿ ಇರುವ ಈಗಿನ ಫ್ಲ್ಯಾಟ್‌ಗಳಲ್ಲಿ ಹೀಗೇ ಆಗುವುದು ಜಾಸ್ತಿ. ಮರದ ಅಟ್ಟ ಇರುವ ಹೆಂಚಿನ ಮನೆಗಳಲ್ಲಿ ಈ ತೊಂದರೆ ಕಡಿಮೆ. ಬೋಳು ಕೋಣೆಯಲ್ಲಿ ಎಷ್ಟು ಒಳ್ಳೆಯ ಸ್ಪೀಕರ್ ಇಟ್ಟರೂ ಮಾತು ಕಲಸಿಕೊಳ್ಳುತ್ತದೆ. ಸ್ಪೀಕರಿಗೂ ನಿಮಗೂ ನಡುವಿನ ನೆಲಕ್ಕೆ ದಪ್ಪ ಜಮಖಾನ ಅಥವಾ ಎರಡು ಮಡಿಕೆಯ ಕಂಬಳಿ ಹಾಸಿ. ಕಿಟಕಿಗೆ ಭಾರವಾದ ಪರದೆ ಹಾಕಿ. ಪುಸ್ತಕ ತುಂಬಿದ ಕಪಾಟು ಇದ್ದರೆ ಅದನ್ನು ನೀವು ಕೂರುವ ಜಾಗದ ಹಿಂದಿನ ಗೋಡೆಗೆ ಸರಿಸಿ. ಈ ಖರ್ಚನ್ನು ಮೊದಲು ಮಾಡಿ. ಸ್ಪೀಕರಿಗೆ ಅಷ್ಟೇ ದುಡ್ಡು ಹೆಚ್ಚಿಗೆ ಹಾಕಿದರೂ ಇಷ್ಟು ವ್ಯತ್ಯಾಸ ಸಿಗುವುದಿಲ್ಲ.

ಹಂತ 2: ಪ್ಯಾಸಿವ್ ಸ್ಪೀಕರ್ ಆರಿಸಿ

ಪ್ಯಾಸಿವ್ ಎಂದರೆ ಡಬ್ಬಿಯೊಳಗೆ ಆಂಪ್ಲಿಫೈಯರ್ (ಸ್ಪೀಕರಿಗೆ ಬಲ ಕೊಡುವ ಆಂಪ್) ಇಲ್ಲದ ಸ್ಪೀಕರ್. ಅದರೊಳಗೆ ಬಾಸ್ ನುಡಿಸುವ ವೂಫರ್, ಟ್ವೀಟರ್, ಅವುಗಳಿಗೆ ಶಬ್ದ ಹಂಚಿಕೊಡುವ ಕ್ರಾಸ್‌ಓವರ್ ಎಂಬ ಸಣ್ಣ ಬೋರ್ಡ್ ಇಷ್ಟೇ ಇರುತ್ತದೆ. ಆ ಬೋರ್ಡಿನಲ್ಲಿ ಕಾಯಿಲ್, ಕೆಪಾಸಿಟರ್, ರೆಸಿಸ್ಟರ್. ಸಾಫ್ಟ್‌ವೇರ್ ಇಲ್ಲ, ಬ್ಯಾಟರಿ ಇಲ್ಲ. ಹಿಂದುಗಡೆ ಕೆಂಪು, ಕಪ್ಪು ಎರಡು ಕಡ್ಡಿ. ಐವತ್ತು ವರ್ಷದ ಹಿಂದಿನ ಆಂಪ್ ಇರಲಿ, ನಿನ್ನೆ ಬಂದದ್ದಿರಲಿ, ಈ ಎರಡು ಕಡ್ಡಿಗೆ ಎರಡು ವೈರ್ ಕಟ್ಟಿದರೆ ಹಾಡು ಬರುತ್ತದೆ.

ಬ್ಲೂಟೂತ್ ಬೇಕೇ? ಹೊರಗಡೆ ಒಂದು ಚಿಕ್ಕ ರಿಸೀವರ್ ಇಟ್ಟು ಆಂಪ್‌ಗೆ ಸೇರಿಸಿ. ನಾಳೆ ಇನ್ನೇನೋ ಹೊಸದು ಬಂದರೆ ಆ ಚಿಕ್ಕ ಡಬ್ಬಿಯನ್ನು ಮಾತ್ರ ಬದಲಾಯಿಸಿ.

ಜಾಗ ಇಲ್ಲ, ವೈರ್ ಬೇಡ, ಒಳಗೇ ಆಂಪ್ ಇರುವುದೇ ಬೇಕು ಅನ್ನುವವರು ಎರಡು ವಿಷಯ ನೋಡಿ. ಹಿಂದೆ ವೈರ್ ಚುಚ್ಚುವ ಸಾದಾ ಆರ್‌ಸಿಎ ಅಥವಾ ಆಕ್ಸ್ ಇನ್‌ಪುಟ್ ಇರಬೇಕು. ಆ್ಯಪ್ ಇಲ್ಲದೆಯೂ ಆನ್ ಆಗಿ, ವಾಲ್ಯೂಮ್ ತಿರುಗಿಸುವಂತಿರಬೇಕು. ಕಂಪನಿ ಆ್ಯಪ್ ಅಪ್‌ಡೇಟ್ ನಿಲ್ಲಿಸಿದ ದಿನ ನಿಮ್ಮ ಸ್ಪೀಕರ್ ಮೂಕವಾಗಬಾರದು.

ಅಮೆರಿಕದಲ್ಲಿರುವ ಮಕ್ಕಳೋ ತಮ್ಮನೋ ಅಲ್ಲಿಂದ ತಂದುಕೊಡುತ್ತೇನೆ ಎಂದರೆ ಪ್ಯಾಸಿವ್ ಸ್ಪೀಕರನ್ನು ಧೈರ್ಯವಾಗಿ ತರಿಸಿ. ಕರೆಂಟಿಗೆ ನೇರ ಹಾಕುವ ಆ್ಯಕ್ಟಿವ್ ಸ್ಪೀಕರ್ ಅಥವಾ ಆಂಪ್ ಆದರೆ ಅಲ್ಲಿನ 120 ವೋಲ್ಟ್, ನಮ್ಮಲ್ಲಿ 230. ಹಿಂದಿನ ಲೇಬಲ್ ಓದದೆ ಪ್ಲಗ್ ಚುಚ್ಚಬೇಡಿ.

ಹಂತ 3: ಅಂಚು, ಡಬ್ಬಿ, ಸ್ಕ್ರೂ

ಈ ಹಂತವನ್ನು ಅಂಗಡಿಯವರು ಸಾಮಾನ್ಯವಾಗಿ ಹೇಳಿಕೊಡುವುದಿಲ್ಲ. ದಯವಿಟ್ಟು ನಿಧಾನವಾಗಿ ಓದಿ.

ವೂಫರ್ ಕೋನಿನ ಸುತ್ತ ಉಬ್ಬಿದ ಬಳೆಯಂಥ ಅಂಚು ಇರುತ್ತದೆ. ಸರೌಂಡ್ ಎನ್ನುತ್ತಾರೆ. ಕೋನ್ ಹಿಂದೆಮುಂದೆ ಓಡಾಡುವಾಗ ಅದನ್ನು ಹಿಡಿದಿಡುವುದು ಇದೇ. ಹಳೆಯ ಸ್ಪೀಕರ್‌ಗಳಲ್ಲಿ ಮೊದಲು ಕೈಕೊಡುವುದೂ ಬಹಳ ಸಲ ಇದೇ. ಫೋಮಿನ ಅಂಚಾದರೆ ತೇವ, ಬಿಸಿಲು ಎರಡೂ ಸೇರಿ ಅದನ್ನು ತಿನ್ನುತ್ತವೆ. ಹತ್ತರಿಂದ ಇಪ್ಪತ್ತು ವರ್ಷದಲ್ಲಿ ಅದು ಹಳೆಯ ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ಮಂಗಳೂರು, ಕಾರವಾರ, ಆಗುಂಬೆಯ ಕಡೆ ಇನ್ನೂ ಬೇಗ. ಒಳ್ಳೆಯ ರಬ್ಬರ್ ಅಂಚು ಇದಕ್ಕಿಂತ ಬಹಳ ಹೆಚ್ಚು ಬಾಳುತ್ತದೆ. ನೆರಿಗೆ ನೆರಿಗೆಯಾಗಿರುವ ಬಟ್ಟೆಯ ಅಂಚು ಎಲ್ಲಕ್ಕಿಂತ ಗಟ್ಟಿ. ಆದ್ದರಿಂದ ಮುಂದಿನ ಜಾಲರಿ ತೆಗೆಸಿ, ಅಂಚು ಯಾವುದರದ್ದು ಎಂದು ನೋಡಿ, ಕೇಳಿ. ನನ್ನ ಮಟ್ಟಿಗೆ ಹೊಸ ಸ್ಪೀಕರ್ ಕೊಳ್ಳುವಾಗ ಫೋಮ್ ಅಂಚಿನದ್ದು ಬೇಡವೇ ಬೇಡ.

ಬಿಬಿಸಿಯವರು 1970ರ ದಶಕದಲ್ಲಿ ತಮ್ಮ ಹೊರಾಂಗಣ ಪ್ರಸಾರದ ವ್ಯಾನ್‌ಗಳಿಗಾಗಿ ಎಲ್‌ಎಸ್3/5ಎ ಎಂಬ ಪುಟ್ಟ ಸ್ಪೀಕರ್ ಮಾಡಿದರು. ಎತ್ತರ ಬರೀ ಒಂದು ಅಡಿ. ಮನುಷ್ಯನ ಮಾತು ಮಾತಿನಂತೆಯೇ ಕೇಳಬೇಕು ಎನ್ನುವುದು ಅದರ ಮುಖ್ಯ ಕೆಲಸ. ಆ ಕಾಲದ ಜೊತೆಗಳು ಇಂದಿಗೂ ಮನೆಮನೆಗಳಲ್ಲಿ ಹಾಡುತ್ತಿವೆ, ಜನ ಹುಡುಕಿ ಕೊಳ್ಳುತ್ತಾರೆ. ಒಳಗೆ ನೋಡಿದರೆ ಕಾರಣ ಗೊತ್ತಾಗುತ್ತದೆ. ವೂಫರಿಗೆ ಫೋಮ್ ಅಂಚಿಲ್ಲ. ಡಬ್ಬಿ ಬರ್ಚ್ ಮರದ ಪ್ಲೈವುಡ್‌ನದು. ತೂತಿಲ್ಲದ, ಪೂರ್ತಿ ಮುಚ್ಚಿದ ಡಬ್ಬಿ.

ಡಬ್ಬಿಯ ವಿಷಯಕ್ಕೆ ಬರೋಣ. ಈಗ ಹೆಚ್ಚಿನವು ಎಂಡಿಎಫ್‌ನವು, ಅಂದರೆ ಮರದ ನಾರಿಗೆ ಅಂಟು ಹಾಕಿ ಒತ್ತಿದ ಹಲಗೆಯವು. ಶಬ್ದದ ದೃಷ್ಟಿಯಿಂದ ಅದರಲ್ಲಿ ತಪ್ಪೇನಿಲ್ಲ. ಆದರೆ ನೀರು ಕುಡಿದರೆ ಊದಿಕೊಳ್ಳುತ್ತದೆ, ಮತ್ತೆ ಇಳಿಯುವುದಿಲ್ಲ. ದಿನಾ ನೆಲ ಒರೆಸುವ ನಮ್ಮ ಮನೆಗಳಲ್ಲಿ ಟವರ್ ಸ್ಪೀಕರಿನ ಬುಡ ಹಾಳಾಗುವುದು ಹೀಗೆಯೇ. ತಳಕ್ಕೆ ರಬ್ಬರ್ ಕಾಲು ಅಥವಾ ಮೊಳೆಗಾಲು ಇದೆಯೇ, ಅಡಿಭಾಗಕ್ಕೂ ಲ್ಯಾಮಿನೇಟ್ ಹಾಕಿದ್ದಾರೆಯೇ ನೋಡಿ. ಡಬ್ಬಿಯ ಪಕ್ಕವನ್ನು ಬೆರಳ ಗೆಣ್ಣಿನಿಂದ ತಟ್ಟಿ. ಟೊಳ್ಳು ತಗಡಿನಂತೆ ಡಬ್ ಡಬ್ ಅನ್ನಬಾರದು.

ಬಾಸ್ ತೂತು ಅಂದರೆ ಪೋರ್ಟ್ ಇರುವ ಸ್ಪೀಕರ್‌ಗಳೂ ಚೆನ್ನಾಗಿವೆ. ಆದರೆ ತೋಟದ ಮನೆಯವರಿಗೆ ಒಂದು ಮಾತು. ಆ ತೂತಿನೊಳಗೆ ಹಲ್ಲಿ ಮೊಟ್ಟೆ ಇಡುತ್ತದೆ, ಕಣಜ ಮಣ್ಣಿನ ಗೂಡು ಕಟ್ಟುತ್ತದೆ. ತೂತಿಗೆ ಒಳಗಡೆಯಿಂದ ತೆಳುವಾದ ಸೊಳ್ಳೆ ಜಾಲರಿ ಅಂಟಿಸಿದರೆ ಆಯಿತು.

ಕೊನೆಗೆ, ವೂಫರನ್ನು ಸ್ಕ್ರೂನಿಂದ ಕೂರಿಸಿದ್ದಾರೋ, ಅಂಟು ಹಾಕಿ ಮುಚ್ಚಿದ್ದಾರೋ? ಸ್ಕ್ರೂ ಕಂಡರೆ ರಿಪೇರಿಗೆ ದಾರಿ ಇದೆ. ಅಂಟಿಸಿದ್ದರೆ ಬಿಟ್ಟುಬಿಡಿ. ಬಿಡಿ ವೂಫರ್, ಟ್ವೀಟರ್ ಮಾರುತ್ತಾರೆಯೇ ಎಂದೂ ಕೇಳಿ. ಬೇಕಾದದ್ದು ಸಿಗದ ಕಷ್ಟ ಹೆಸರಾಂತ ಸ್ಪೀಕರ್‌ಗಳಿಗೂ ಬಂದಿದೆ. ಬಿಳಿ ಕೋನಿನ ಯಮಹಾ ಎನ್‌ಎಸ್-10 ಸ್ಪೀಕರ್ 1978ರಲ್ಲಿ ಬಂದು ಲೋಕದ ಸ್ಟುಡಿಯೋಗಳನ್ನೆಲ್ಲ ತುಂಬಿತು. ಆ ಕೋನಿಗೆ ಬೇಕಾದ ಮರದ ತಿರುಳು ಸಿಗದೆ 2001ರಲ್ಲಿ ತಯಾರಿಕೆಯೇ ನಿಂತಿತು.

ಹಂತ 4: ಎಷ್ಟು ಆಳದ ಬಾಸ್ ಬೇಕು?

ನೀವು ಏನು ಕೇಳುತ್ತೀರಿ ಎನ್ನುವುದರ ಮೇಲೆ ಇದು ನಿಂತಿದೆ. ಗಂಡಸರ ಶ್ರುತಿಗೆ ಕೂಡಿಸಿದ ತಂಬೂರಿಯ ಮಂದ್ರ ತಂತಿ ಸುಮಾರು 65ರಿಂದ 75 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ. ಹರ್ಟ್ಸ್ ಎಂದರೆ ಸೆಕೆಂಡಿಗೆ ಎಷ್ಟು ಸಲ ಅದುರುತ್ತದೆ ಎನ್ನುವ ಲೆಕ್ಕ, ಅಂಕಿ ಇಳಿದಷ್ಟೂ ಸ್ವರ ತಗ್ಗು. ಹಾಡುಗಾರಿಕೆ, ಪಿಟೀಲು, ವೀಣೆ, ಕೊಳಲು ಹೆಚ್ಚುಕಡಿಮೆ ಅದಕ್ಕಿಂತ ಮೇಲೆಯೇ. ಅಂದರೆ ಶಾಸ್ತ್ರೀಯ ಸಂಗೀತ, ಭಾವಗೀತೆ, ತಾಳಮದ್ದಳೆ, ರೇಡಿಯೋ ಕೇಳುವವರಿಗೆ 55 ಹರ್ಟ್ಸ್‌ವರೆಗೆ ಚೆನ್ನಾಗಿ ಇಳಿಯುವ ಸ್ಪೀಕರ್ ಸಾಕು. ಐದರಿಂದ ಆರೂವರೆ ಇಂಚಿನ ವೂಫರ್ ಇರುವ ಬುಕ್‌ಶೆಲ್ಫ್ ಸ್ಪೀಕರ್ ಈ ಕೆಲಸ ಮಾಡುತ್ತದೆ.

ಈಗಿನ ಸಿನಿಮಾ ಹಾಡುಗಳ ಬಾಸ್ 40 ಹರ್ಟ್ಸ್‌ಗೂ ಕೆಳಗೆ ಹೋಗುತ್ತದೆ. ಅದು ಬೇಕಾದರೂ ಮೊದಲೇ ದೊಡ್ಡ ಸ್ಪೀಕರ್ ತರಬೇಡಿ. ಒಳ್ಳೆಯ ಬುಕ್‌ಶೆಲ್ಫ್ ಜೊತೆ ತಂದು ಒಂದು ವರ್ಷ ಕೇಳಿ. ಸಾಲದು ಅನ್ನಿಸಿದರೆ ಪ್ರತ್ಯೇಕ ಸಬ್‌ವೂಫರ್ ಸೇರಿಸಿ. ಸಬ್‌ವೂಫರಿನೊಳಗೆ ಆಂಪ್ ಇರುವುದರಿಂದ ಅದು ಬೇಗ ಕೆಡಬಹುದು. ಕೆಟ್ಟರೂ ನಿಮ್ಮ ಮುಖ್ಯ ಸ್ಪೀಕರಿಗೆ ಏನೂ ಆಗುವುದಿಲ್ಲ.

ಹಂತ 5: ಅಂಕಿಗಳಲ್ಲಿ ಯಾವುದನ್ನು ಓದಬೇಕು

ವ್ಯಾಟ್ ನೋಡಿ ಸ್ಪೀಕರ್ ಕೊಳ್ಳಬೇಡಿ. 1990ರ ದಶಕದ ಡೆಕ್‌ಗಳ ಮೇಲೆ ಸಾವಿರಾರು ವ್ಯಾಟ್ ಪಿಎಂಪಿಒ ಎಂದು ಬರೆದಿರುತ್ತಿತ್ತು, ನೆನಪಿದೆ ಅಲ್ವಾ? ಆ ಅಂಕಿಗೆ ಯಾವ ಬೆಲೆಯೂ ಇಲ್ಲ.

ಸೆನ್ಸಿಟಿವಿಟಿ ನೋಡಿ. 1 ವ್ಯಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದರೆ ಎಷ್ಟು ಡೆಸಿಬೆಲ್ ಶಬ್ದ ಎನ್ನುವ ಲೆಕ್ಕ ಅದು. 85ರಿಂದ 90 ಸಾಮಾನ್ಯ. ಇದು 3 ಡೆಸಿಬೆಲ್ ಜಾಸ್ತಿ ಇದ್ದರೆ ಅಷ್ಟೇ ಶಬ್ದಕ್ಕೆ ಅರ್ಧ ವ್ಯಾಟ್ ಸಾಕು. 87 ಡೆಸಿಬೆಲ್ಲಿನ ಸ್ಪೀಕರನ್ನು ಎರಡೂವರೆ ಮೀಟರ್ ದೂರದಲ್ಲಿ ಕೂತು ಕೇಳುವಾಗ ಸರಾಸರಿ ಒಂದೆರಡು ವ್ಯಾಟ್ ಮಾತ್ರ ಓಡುತ್ತಿರುತ್ತದೆ. ಮೃದಂಗದ ಪೆಟ್ಟಿಗೆ, ಚೆಂಡೆಯ ಏಟಿಗೆ ಕ್ಷಣಮಾತ್ರ ಅದರ ಹತ್ತಿಪ್ಪತ್ತು ಪಟ್ಟು ಬೇಕಾಗುತ್ತದೆ.

ಓಮ್ ನೋಡಿ. ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ ಅದು. 8 ಅಥವಾ 6 ಓಮ್ ಆದರೆ ಯಾವ ಆಂಪ್ ಆದರೂ ಆರಾಮಾಗಿ ನಡೆಸುತ್ತದೆ. 4 ಓಮ್‌ಗೆ ಆಂಪ್ ಗಟ್ಟಿ ಇರಬೇಕು. ಮುಂದೆ ಇಪ್ಪತ್ತು ವರ್ಷದಲ್ಲಿ ಎರಡು ಮೂರು ಆಂಪ್ ಬದಲಾಗಬಹುದು ಎಂದು ಯೋಚಿಸಿ 8 ಓಮ್ ಕಡೆಗೆ ವಾಲಿ.

ಫ್ರೀಕ್ವೆನ್ಸಿ ರೆಸ್ಪಾನ್ಸ್ (ಎಷ್ಟು ತಗ್ಗಿನಿಂದ ಎಷ್ಟು ಎತ್ತರದ ಸ್ವರದವರೆಗೆ ನುಡಿಸುತ್ತದೆ) ಎಂದು 45 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್ ಅಂತ ಬರೆದಿದ್ದರೆ, ಪಕ್ಕದಲ್ಲಿ ±3 ಡೆಸಿಬೆಲ್ (ಪ್ಲಸ್ ಅಥವಾ ಮೈನಸ್ 3) ಎಂದೂ ಇರಬೇಕು. ಅದಿಲ್ಲದ ಅಂಕಿಯನ್ನು ನಂಬಬೇಡಿ. ಸಾಧ್ಯವಾದರೆ ಆ ಮಾಡೆಲಿನ ಸಿಟಿಎ-2034 ಗ್ರಾಫ್ ಹುಡುಕಿ. ಸ್ಪಿನೊರಾಮಾ ಎಂದೂ ಕರೆಯುತ್ತಾರೆ. ಸ್ಪೀಕರಿನ ಸುತ್ತ 70 ಕೋನಗಳಿಂದ ಅಳೆದು ಬರೆದದ್ದು. ನೇರ ಮುಂದಿನ ಗೆರೆ ಸಮನಾಗಿದ್ದು, ಪಕ್ಕದ ಕೋನಗಳ ಗೆರೆಗಳು ಗುಂಡಿ ದಿಬ್ಬ ಇಲ್ಲದೆ ನಿಧಾನವಾಗಿ ಇಳಿದಿದ್ದರೆ ಒಳ್ಳೆಯದು. ಇದರ ಹಿಂದೆ ದೊಡ್ಡ ಕೆಲಸ ಇದೆ. ಫ್ಲಾಯ್ಡ್ ಟೂಲ್ ಅವರು ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿದ್ದಾಗ ಕೇಳುಗರ ಮುಂದೆ ಪರದೆ ಇಳಿಬಿಟ್ಟು, ಯಾವ ಸ್ಪೀಕರ್ ಎಂದು ತಿಳಿಸದೆ ಕೇಳಿಸಿದರು. ಹೀಗೆ ಕೇಳಿದಾಗ ಹೆಚ್ಚಿನವರು ಮೆಚ್ಚಿದ್ದು ಇಂಥ ಸಮನಾದ ಸ್ಪೀಕರ್‌ಗಳನ್ನೇ.

ಹಂತ 6: ಕೂತು ಕೇಳಿ

ಕಣ್ಣು ಕಿವಿಯನ್ನು ಮೋಸಗೊಳಿಸುತ್ತದೆ. ಬೆಲೆ, ಹೆಸರು, ಮರದ ಹೊಳಪು ಕಂಡ ಕೂಡಲೇ ಶಬ್ದವೂ ಚೆನ್ನಾಗಿ ಕೇಳುತ್ತದೆ. ಆದ್ದರಿಂದ ಮನೆಯವರನ್ನೋ ಗೆಳೆಯರನ್ನೋ ಕರೆದುಕೊಂಡು ಹೋಗಿ. ನೀವು ಕಣ್ಣು ಮುಚ್ಚಿ ಕೂರಿ, ಅವರು ಸ್ಪೀಕರ್ ಬದಲಿಸಲಿ. ಎರಡೂ ಒಂದೇ ಜೋರಿನಲ್ಲಿರಬೇಕು. ಸ್ವಲ್ಪ ಜೋರಾಗಿರುವುದು ಯಾವಾಗಲೂ ಮೇಲು ಅನ್ನಿಸುತ್ತದೆ. ಫೋನಿನ ಡೆಸಿಬೆಲ್ ಆ್ಯಪ್‌ನಿಂದ ಸರಿಮಾಡಿಕೊಳ್ಳಬಹುದು.

ಅಂಗಡಿಯವರ ಹಾಡು ಬೇಡ. ನಿಮಗೆ ಬಾಯಿಪಾಠವಾಗಿರುವ ಮೂರು ಹಾಡು ಒಯ್ಯಿರಿ. ಒಂದರಲ್ಲಿ ಒಬ್ಬರದೇ ದನಿ ಇರಲಿ. ಸ, ಶ, ಷ ಅಕ್ಷರ ಬಂದಾಗ ಕಿವಿಗೆ ಚುಚ್ಚಬಾರದು. ಇನ್ನೊಂದರಲ್ಲಿ ಮೃದಂಗ ಇರಲಿ. ಎಡಗಡೆಯ ಗುಂಕಿ ಎದ್ದು, ಕೂಡಲೇ ನಿಲ್ಲಬೇಕು. ಬಲಗಡೆಯ ಪೆಟ್ಟಿನ ಜೊತೆ ಕಲಸಬಾರದು. ಮೂರನೆಯದರಲ್ಲಿ ಬಹಳ ವಾದ್ಯ ಇರಲಿ. ಯಕ್ಷಗಾನದ ಚೆಂಡೆ, ಮದ್ದಳೆ, ಜಾಗಟೆ ಒಟ್ಟಿಗೆ ಇರುವ ಧ್ವನಿಮುದ್ರಣ ಇದಕ್ಕೆ ಚೆನ್ನಾಗಿ ಒದಗುತ್ತದೆ. ಭಾಗವತರ ಮಾತು ಅದರ ನಡುವೆಯೂ ಬಿಡಿಸಿ ಕೇಳಬೇಕು.

ಮೆಲ್ಲಗೆ ಇಟ್ಟೂ ಕೇಳಿ. ಮನೆಯಲ್ಲಿ ದಿನವೂ ಕೇಳುವುದು ಹಾಗೆಯೇ ತಾನೇ? ಅರ್ಧ ಗಂಟೆಯಾದರೂ ಕೂರಿ. ಮೊದಲ ಐದು ನಿಮಿಷ ಮಿಂಚುವ ಸ್ಪೀಕರ್ ಬಹಳ ಸಲ ಅರ್ಧ ಗಂಟೆಗೆ ಕಿವಿ ದಣಿಸುತ್ತದೆ. ಎದ್ದು ಹೋಗಲು ಮನಸ್ಸೇ ಬರದ ಜೊತೆಯನ್ನು ಗುರುತು ಹಾಕಿಕೊಳ್ಳಿ. ಮನೆಗೆ ಒಯ್ದು ನೋಡಲು ಒಂದು ವಾರ ಕೊಡುತ್ತಾರೆಯೇ ಎಂದೂ ಕೇಳಿ, ಸಂಕೋಚ ಬೇಡ.

ಹಂತ 7: ಆಂಪ್ ಮತ್ತು ವೈರ್

ನನ್ನ ಲೆಕ್ಕದಲ್ಲಿ ಒಟ್ಟು ದುಡ್ಡಿನ ಅರ್ಧಕ್ಕಿಂತ ಹೆಚ್ಚು ಸ್ಪೀಕರಿಗೆ ಹೋಗಲಿ. ಉಳಿದದ್ದರಲ್ಲಿ ಎರಡು ಚಾನೆಲ್ಲಿನ ಸಾದಾ ಆಂಪ್. ಪ್ರತಿ ಚಾನೆಲ್ಲಿಗೆ 30ರಿಂದ 60 ವ್ಯಾಟ್ ಆರ್‌ಎಂಎಸ್ (ಬಿಡದೆ ಕೊಡಬಲ್ಲ ನಿಜವಾದ ವ್ಯಾಟ್) ಇದ್ದರೆ ಸಾಮಾನ್ಯ ಹಾಲ್‌ಗೆ ಧಾರಾಳ. ಸಣ್ಣ ಆಂಪನ್ನು ಪೂರ್ತಿ ತಿರುಗಿಸಿ, ಶಬ್ದ ಒಡೆಯುತ್ತಿದ್ದರೂ ಓಡಿಸಿದರೆ ಟ್ವೀಟರ್ ಸುಡುತ್ತದೆ. ಒಡಕು ಕೇಳಿದ ಕೂಡಲೇ ಇಳಿಸಿ. ಮನೆಯಲ್ಲಿ ಹುಟ್ಟುಹಬ್ಬದ ದಿನ ಹೀಗಾಗುವುದು ಹೆಚ್ಚು.

ವೈರಿಗೆ ಸಾವಿರಗಟ್ಟಲೆ ಸುರಿಯಬೇಡಿ. ಐದು ಮೀಟರಿನೊಳಗೆ 1.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಸಾಕು, ಅದಕ್ಕಿಂತ ದೂರಕ್ಕೆ 2.5. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಒಂದು ಕಡೆ ಉಲ್ಟಾ ಆದರೆ ಬಾಸ್ ಮಾಯವಾಗುತ್ತದೆ, ಹಾಡುವವರು ನಡುವೆ ನಿಲ್ಲದೆ ಎಲ್ಲೋ ತೇಲುತ್ತಾರೆ.

ಹಂತ 8: ಸೆಕೆಂಡ್ ಹ್ಯಾಂಡ್ ಆದರೆ

ಹಳೆಯ ಸ್ಪೀಕರ್ ಕೊಳ್ಳುವುದು ಒಳ್ಳೆಯ ದಾರಿ. ಟಾರ್ಚ್ ಮತ್ತು ಮಲ್ಟಿಮೀಟರ್ ಒಯ್ಯಿರಿ.

ಅಂಚನ್ನು ಬೆರಳ ತುದಿಯಿಂದ ಮೆಲ್ಲಗೆ ಒತ್ತಿ. ಅಂಟಂಟಾಗಿದ್ದರೆ ಅಥವಾ ಪುಡಿ ಬಂದರೆ ಅಂಚು ಬದಲಿಸುವ ಖರ್ಚನ್ನು ಬೆಲೆಯಿಂದ ಕಳೆಯಿರಿ. ಎರಡೂ ಕೈಯ ಬೆರಳಿನಿಂದ ಕೋನನ್ನು ಸಮವಾಗಿ ಒಳಗೆ ತಳ್ಳಿ ಬಿಡಿ. ಕರಕರ ಎಂದು ಉಜ್ಜಿದ ಶಬ್ದ ಬಂದರೆ ಕೋನಿನ ಹಿಂದಿರುವ ಕಾಯಿಲ್ ಓರೆಯಾಗಿದೆ, ಬೇಡ. ಹಿಂದಿನ ಕಡ್ಡಿಗಳಿಗೆ ಮೀಟರ್ ಇಟ್ಟರೆ 8 ಓಮಿನ ಸ್ಪೀಕರ್ ಸುಮಾರು 6 ಅಥವಾ 7 ತೋರಿಸಬೇಕು. ಆದರೆ ಈ ಅಳತೆ ವೂಫರಿನದು ಮಾತ್ರ. ಟ್ವೀಟರಿನ ದಾರಿಯಲ್ಲಿ ಕೆಪಾಸಿಟರ್ ಇರುವುದರಿಂದ ಮೀಟರಿಗೆ ಅದು ಕಾಣುವುದಿಲ್ಲ. ಹಾಡು ಹಾಕಿ ಪ್ರತಿ ಟ್ವೀಟರಿಗೂ ಕಿವಿ ಕೊಟ್ಟೇ ನೋಡಬೇಕು. ಎಡಬಲ ಒಂದೇ ಸಮ ಇಲ್ಲದೆ ಒಂದು ಮಂಕಾಗಿದ್ದರೆ ಹಳೆಯ ಕೆಪಾಸಿಟರ್ ದಣಿದಿರಬಹುದು. ಅದು ಸಣ್ಣ ಖರ್ಚಿನ ರಿಪೇರಿ.

ಡಬ್ಬಿಯ ಹಿಂಭಾಗ, ಅಡಿಭಾಗ ತಟ್ಟಿ ನೋಡಿ. ಮಣ್ಣಿನ ಗೆರೆ ಕಂಡರೆ ಗೆದ್ದಲು. ಎಷ್ಟೇ ಅಗ್ಗವಾದರೂ ಅದನ್ನು ಮನೆಯೊಳಗೆ ತರಬೇಡಿ.

ರಿಪೇರಿಗೆ ಜನ ಸಿಗುವುದಿಲ್ಲ ಎಂದು ಹೆದರಬೇಡಿ. ನಿಮ್ಮ ತಾಲೂಕಿನ ಮೈಕ್ ಸೆಟ್ಟಿನವರನ್ನು ಕೇಳಿ. ಜಾತ್ರೆ, ಮದುವೆಗೆ ಸ್ಪೀಕರ್ ಕಟ್ಟುವವರಿಗೆ ರೀಕೋನಿಂಗ್, ಅಂದರೆ ಕೋನ್ ಬದಲಿಸುವ ಕೆಲಸ, ಮಾಡುವವರು ಗೊತ್ತೇ ಇರುತ್ತಾರೆ. ಬೆಂಗಳೂರಿನಲ್ಲಿ ಬಿಡಿಭಾಗಕ್ಕೆ ಎಸ್.ಪಿ. ರೋಡ್ ಇದೆ. ವೂಫರಿನ ಹೊರಗಿನ ಅಡ್ಡಳತೆ, ಕೋನಿನ ಅಡ್ಡಳತೆ ಎರಡನ್ನೂ ಮಿಲಿಮೀಟರಿನಲ್ಲಿ ಬರೆದು ಒಯ್ಯಿರಿ.

ಹಂತ 9: ಜಾಗ ಹಿಡಿಸಿ

ಎರಡು ಸ್ಪೀಕರ್ ಮತ್ತು ನಿಮ್ಮ ತಲೆ, ಮೂರೂ ಸೇರಿ ಸಮಬಾಹು ತ್ರಿಕೋನ ಆಗಲಿ. ಟ್ವೀಟರ್ ಕಿವಿಯ ಮಟ್ಟಕ್ಕೆ ಬರಬೇಕು. ಕುರ್ಚಿಯಲ್ಲಿ ಕೂತರೆ ಅದು ನೆಲದಿಂದ ಸುಮಾರು ಒಂದು ಮೀಟರ್. ಚಾಪೆಯ ಮೇಲೆ ಕೂತು ಕೇಳುವವರಿಗೆ ಸುಮಾರು 75 ಸೆಂಟಿಮೀಟರ್. ಹಿಂದಿನ ಗೋಡೆಯಿಂದ ಒಂದಡಿಯಾದರೂ ಮುಂದೆ ಇಡಿ. ಮೂಲೆಗೆ ತಳ್ಳಿದಷ್ಟೂ ಬಾಸ್ ಊದುತ್ತದೆ. ಅಂಗೈ ಅಗಲದಷ್ಟು ಹಿಂದೆಮುಂದೆ ಸರಿಸುತ್ತ, ಗುಂಯ್ ನಿಂತು ದನಿ ಬಿಡಿಸಿ ಕೇಳುವ ಜಾಗ ಸಿಕ್ಕಾಗ ನೆಲಕ್ಕೆ ಸೀಮೆಸುಣ್ಣದ ಗುರುತು ಹಾಕಿ.

ಹಂತ 10: ವರ್ಷವರ್ಷ ಕಾಪಾಡಿ

ಕಿಟಕಿಯ ಬಿಸಿಲು ಕೋನಿನ ಮೇಲೆ ಬೀಳದಿರಲಿ. ಮೇಲೆ ಹೂಕುಂಡ, ನೀರಿನ ಚೊಂಬು, ಎಣ್ಣೆ ದೀಪ ಬೇಡ. ಟವರ್ ಆದರೆ ಅಡಿಗೆ ಗ್ರಾನೈಟ್ ತುಂಡು ಇಡಿ, ಒರೆಸುವ ನೀರು ತಾಗುವುದಿಲ್ಲ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಜಾಲರಿ ತೆಗೆಯಲೇಬೇಡಿ. ಟ್ವೀಟರಿನ ಗುಮ್ಮಟ ಕಂಡರೆ ಅವರ ಬೆರಳು ತಡೆಯುವುದಿಲ್ಲ.

ಕರಾವಳಿ, ಮಲೆನಾಡಿನವರು ಮಳೆಗಾಲ ಮುಗಿದ ಮೇಲೆ ವೈರಿನ ತುದಿ ಬಿಚ್ಚಿ ನೋಡಿ. ತಾಮ್ರ ಹಸಿರಾಗಿದ್ದರೆ ಒಂದಿಂಚು ಕತ್ತರಿಸಿ ಹೊಸದಾಗಿ ಸುಲಿದು ಕಟ್ಟಿ. ಗುಡುಗು ಶುರುವಾದ ಕೂಡಲೇ ಆಂಪಿನ ಪ್ಲಗ್ ಕೀಳಿ, ಕೇಬಲ್ ಅಥವಾ ಆಂಟೆನಾದ ಜೋಡಣೆಯನ್ನೂ ಬಿಡಿಸಿ. ಸ್ವಿಚ್ ಆಫ್ ಮಾಡಿದರೆ ಸಾಲದು.

ಇನ್ನೊಂದು ಕೆಲಸವನ್ನು ಕೊಂಡ ವಾರದಲ್ಲೇ ಮುಗಿಸಿ. ಕೈಯಲ್ಲಿ ದುಡ್ಡಿದ್ದರೆ ಅದೇ ಮಾಡೆಲಿನ ಒಂದು ವೂಫರ್, ಒಂದು ಟ್ವೀಟರ್ ಹೆಚ್ಚಿಗೆ ತಂದು ಗಾಳಿಯಾಡದ ಡಬ್ಬಿಯಲ್ಲಿ ಎತ್ತಿಡಿ. ಹತ್ತು ವರ್ಷದ ಮೇಲೆ ಹುಡುಕಿದರೆ ಸಿಗದೆ ಹೋಗಬಹುದು. ಸ್ಪೀಕರಿನ ಬೆನ್ನಿಗೆ ಒಂದು ಚೀಟಿ ಅಂಟಿಸಿ. ಕೊಂಡ ತಾರೀಕು, ಮಾಡೆಲ್ ನಂಬರ್, ಓಮ್, ವೂಫರಿನ ಅಳತೆ, ಯಾವ ವರ್ಷ ಏನು ಬದಲಾಯಿಸಿದ್ದು, ಯಾರ ಹತ್ತಿರ ಮಾಡಿಸಿದ್ದು, ಎಲ್ಲ ಅದರಲ್ಲಿರಲಿ. ಊರಿನ ಸ್ಪೀಕರಿನ ಬೆನ್ನಿಗೆ ಅಪ್ಪ ಅಂಟಿಸಿದ ಅಂಥದ್ದೊಂದು ಚೀಟಿ ಇದೆ. ಕೊನೆಯ ಎರಡು ಸಾಲು ನನ್ನ ಕೈಬರಹ.